ಪ್ರಾಬ್ಲಮ್ ನಂಬರ್ ನಾಲ್ಕು

ಕೃಷ್ಣಮೂರ್ತಿಪುರಂ, ಮೈಸೂರು
೪ ಜುಲೈ ೨೦೨೫

ಮೈತ್ರೇಯಿ ಮೇಡಂ ಅವರಿಗೆ ಅನಂತಪದ್ಮನಾಭನ ನಮಸ್ಕಾರಗಳು.

ಪ್ರತಿ ಕ್ಲಾಸಾದ ಮೇಲೆ ಪೇಷೆಂಟು ಒಂದು ಪುಟ ಅಭಿಪ್ರಾಯ ಕೈಯಲ್ಲೇ ಬರೆದುಕೊಡಬೇಕು, ಅದು ಗುಂಪಿನ ಫೈಲಿಗೆ ಸೇರುತ್ತದೆ, ವಿದ್ಯಾರ್ಥಿಗಳೂ ಓದುತ್ತಾರೆ ಎಂದು ತಾವು ಹೇಳಿದಿರಿ. ಒಂದು ಪುಟಕ್ಕೆ ನಿಲ್ಲುವ ಮನುಷ್ಯ ನಾನಲ್ಲ ಎಂಬುದು ತಮಗೆ ಇಂದೇ ತಿಳಿದಿರಬಹುದು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಆದ್ದರಿಂದ ಮೊದಲು ‘ಗಿವನ್’, ಆಮೇಲೆ ‘ಟು ಪ್ರೂವ್’, ಹೀಗೆ ಕ್ರಮವಾಗಿ ಬರೆಯುತ್ತೇನೆ.

ಗಿವನ್. ನನಗೆ ಎಪ್ಪತ್ತು ವರ್ಷ. ಹೆಂಡತಿ ಪಂಕಜಾ ತೀರಿಕೊಂಡು ಹದಿನೈದು ತಿಂಗಳಾಯಿತು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ನಮ್ಮ ಬೀದಿಯ ಡಾಕ್ಟರು ‘ಫ್ರೋಜನ್ ಶೋಲ್ಡರ್, ಭುಜ ಹಿಡಿದುಕೊಂಡಿದೆ’ ಎಂದು ಚೀಟಿ ಬರೆದು ನಿಮ್ಮ ಫಿಸಿಯೋಥೆರಪಿ ಕಾಲೇಜಿಗೆ ಕಳಿಸಿದರು. ತಾವು ಚೀಟಿ ನೋಡಿ, ‘ಸರ್, ನಮ್ಮ ಮಕ್ಕಳಿಗೆ ಒಂದು ಕೇಸ್ ಆಗ್ತೀರಾ? ಟ್ರೀಟ್‌ಮೆಂಟೂ ನಡೆಯುತ್ತೆ, ಅವರೂ ಕಲೀತಾರೆ’ ಎಂದಿರಿ. ಮಕ್ಕಳು ಕಲಿಯುತ್ತಾರೆ ಎಂದರೆ ಮೇಷ್ಟ್ರಾಗಿದ್ದವನು ಇಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡುಬಿಟ್ಟೆ.

ಟು ಪ್ರೂವ್. ನವರಾತ್ರಿ ಶುರುವಾಗುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಇಪ್ಪತ್ತೆರಡರೊಳಗೆ, ನಮ್ಮ ಮನೆಯ ಅಟ್ಟದ ಮೇಲಿರುವ ಬೊಂಬೆ ಪೆಟ್ಟಿಗೆಯನ್ನು ನಾನು ನನ್ನ ಎರಡು ಕೈಯಿಂದ ಕೆಳಗಿಳಿಸಬೇಕು. ನನಗೆ ಬೇಕಾಗಿರುವುದು ಇಷ್ಟೇ. ಬೇರೆಯವರ ಕೈಲಿ ಇಳಿಸಿಕೊಳ್ಳಬಾರದೇ ಎಂದು ನಿಮ್ಮ ವಿದ್ಯಾರ್ಥಿ ಯಶಸ್ ಕೇಳಿದ. ಬಾರದು. ಕಾರಣ ಕೇಳಬೇಡಿ.

ಈಗ ಇಂದಿನ ಕ್ಲಾಸಿನ ವಿಷಯ. ಆರು ಜನ ಹುಡುಗ ಹುಡುಗಿಯರು ದುಂಡಗೆ ಕುಳಿತರು. ಲಹರಿ ಎನ್ನುವ ಹುಡುಗಿ ಬೋರ್ಡಿನ ಮೇಲೆ ‘ಪ್ರಾಬ್ಲಮ್ ನಂಬರ್ ನಾಲ್ಕು’ ಎಂದು ಬರೆದಳು. ನಾಲ್ಕನೆಯ ಪ್ರಾಬ್ಲಮ್ಮು ನಾನು. ‘ಈ ಮನೆಗೆ ದೊಡ್ಡ ಪ್ರಾಬ್ಲಮ್ ಅಂದ್ರೆ ನೀವೇ’ ಎಂದು ಪಂಕಜಾ ಹೇಳುತ್ತಿದ್ದಳು. ಈಗ ಕಾಲೇಜಿನವರು ನಂಬರ್ ಹಾಕಿ ಸರ್ಟಿಫಿಕೇಟ್ ಕೊಟ್ಟಂತಾಯಿತು. ಯಶಸ್ ಪ್ರಶ್ನೆಗಳ ಮಳೆ ಸುರಿಸಿದ. ‘ಸರ್, ಶುಗರ್ ಇದ್ಯಾ? ಎಲ್ಲಾದ್ರೂ ಬಿದ್ರಾ? ಆ ಕಡೆ ಮಗ್ಗುಲಾದ್ರೆ ನೋಯುತ್ತಾ? ಯಾರಾದ್ರೂ ಹೊಡುದ್ಬುಟ್ರಾ?’ ಮೂಲೆಯಲ್ಲಿ ಗಗನ ಎಂಬ ಹುಡುಗಿ ಮಾತ್ರ ತಲೆ ಬಗ್ಗಿಸಿಕೊಂಡು ಕುಳಿತಿದ್ದಳು.

ಎಲ್ಲರೂ ದಾರಿ ತಪ್ಪುತ್ತಿದ್ದಾರೆ. ತಾವು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೀರಿ. ಉತ್ತರ ತಮಗೆ ಗೊತ್ತು, ಚೀಟಿ ತಮ್ಮ ಕೈಲಿದೆ. ಯಶಸ್ ‘ಮೇಡಂ, ಆನ್ಸರ್ ಯಾವಾಗ ಹೇಳ್ತೀರಾ?’ ಎಂದರೆ ತಾವು ‘ನಿಮಗೇನು ಗೊತ್ತು, ಏನು ಗೊತ್ತಿಲ್ಲ, ಮೊದಲು ಅದನ್ನ ಬರೀರಿ’ ಎನ್ನುತ್ತೀರಿ. ಒಂದೂವರೆ ಗಂಟೆ ಹೀಗೇ. ನಮ್ಮ ಹೆಡ್‌ಮಾಸ್ಟರು ಇದ್ದಿದ್ದರೆ ತಮಗೆ ಮೆಮೋ ಕೊಡುತ್ತಿದ್ದರು. ಕೋಪ ಮಾಡಿಕೊಳ್ಳಬೇಡಿ, ಇನ್ ಎ ನಟ್‌ಶೆಲ್ ಹೇಳಿದೆ.

ಇತಿ ತಮ್ಮ ವಿಶ್ವಾಸಿ,
ಅನಂತಪದ್ಮನಾಭ

ಕೆಳಗಿನ ಸಾಲುಗಳು ಸಣ್ಣದಾಗಿದ್ದರೆ ಪೆನ್ನಿನ ತಪ್ಪು.

*

ಯಾದವಗಿರಿ
೯ ಜುಲೈ ೨೦೨೫

ಅನಂತಪದ್ಮನಾಭ ಸರ್ ಅವರಿಗೆ,

ಪತ್ರ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಬೇಸರವಿಲ್ಲ.

ನಾನು ಉತ್ತರ ಹೇಳದಿರುವುದು ಸೋಮಾರಿತನವಲ್ಲ, ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್ ನಡೆಯುವುದೇ ಹಾಗೆ. ನಾಳೆ ಇವರ ಮುಂದೆ ರೋಗಿ ಬಂದು ಕುಳಿತಾಗ ಪಕ್ಕದಲ್ಲಿ ಮೇಡಂ ಇರುವುದಿಲ್ಲ. ಸಮಸ್ಯೆ ಮೊದಲು, ಪಾಠ ಆಮೇಲೆ. ಏನು ಗೊತ್ತಿಲ್ಲ ಎಂದು ತಾವೇ ಕಂಡುಕೊಂಡು, ಹೋಗಿ ಓದಿಕೊಂಡು ಬರಬೇಕು. ನಾನು ಬಾಯಿಬಿಟ್ಟರೆ ಆರು ಜನರ ತಲೆಯೂ ಅಲ್ಲಿಗೆ ನಿಲ್ಲುತ್ತದೆ.

ಒಂದೇ ಕೋರಿಕೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಚೀಟಿಯ ವಿಷಯ ಅವರಿಗೆ ಹೇಳಬೇಡಿ; ಅದಿರುವ ನಿಮ್ಮ ಪತ್ರವನ್ನು ಕೇಸ್ ಮುಗಿಯುವವರೆಗೆ ಫೈಲಿಗೆ ಸೇರಿಸುವುದಿಲ್ಲ. ವ್ಯಾಯಾಮ ಬಿಡಬೇಡಿ. ಸಾಧ್ಯವಾದರೆ ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆಯಿರಿ, ನನ್ನ ಕನ್ನಡಕ ಹಳೆಯದು.

ಗೌರವಗಳೊಂದಿಗೆ,
ಮೈತ್ರೇಯಿ

*

ಕೃಷ್ಣಮೂರ್ತಿಪುರಂ
೧೮ ಜುಲೈ ೨೦೨೫

ಮೈತ್ರೇಯಿ ಮೇಡಂ ಅವರಿಗೆ,

ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ಇಂದು ತಾವು ಫೋನ್ ಬಂತೆಂದು ಹೊರಗೆ ಹೋದಿರಲ್ಲ, ಆ ಹತ್ತು ನಿಮಿಷದಲ್ಲಿ ನಾನು ಅವರಿಗೆ ಉತ್ತರ ಹೇಳಿಬಿಟ್ಟೆ.

ಹೇಳಿದೆ ಅಷ್ಟೇ ಅಲ್ಲ, ಬರೆಸಿದೆ. ‘ಎಲ್ಲರೂ ಪೆನ್ನು ತೆಗೀರಿ’ ಎಂದೆ, ತೆಗೆದರು. ಫ್ರೋಜನ್ ಶೋಲ್ಡರ್: ವ್ಯಾಖ್ಯೆ, ಕಾರಣಗಳು ನಾಲ್ಕು, ಲಕ್ಷಣಗಳು ಐದು, ಚಿಕಿತ್ಸೆ. ಎಲ್ಲ ನಾನು ವಾರವಿಡೀ ಓದಿಕೊಂಡಿದ್ದೆ. ಕೊನೆಗೆ ‘ಹೆನ್ಸ್ ಪ್ರೂವ್ಡ್’ ಎಂದು ಕೆಳಗೆ ಎರಡು ಗೆರೆ ಎಳೆಸಿದೆ. ಯಶಸ್ ‘ಸರ್, ನೀವು ದೇವ್ರು ಕಣ್ ಸರ್’ ಎಂದ. ಎಷ್ಟೋ ವರ್ಷದ ಮೇಲೆ ನನಗೆ ಹೊಟ್ಟೆ ತುಂಬ ಊಟ ಮಾಡಿದ ಹಾಗಾಯಿತು. ತಾವು ವಾಪಸು ಬಂದಾಗ ಎಲ್ಲರೂ ಸುಮ್ಮನೆ ಕುಳಿತಿದ್ದರಲ್ಲ, ಅದು ಶಿಸ್ತಲ್ಲ, ಇದು.

ಯಾಕೆ ಹೇಳಿದೆ? ದಿನ ಓಡುತ್ತಿದೆ ಮೇಡಂ. ಉತ್ತರ ಇವರು ಕಂಡುಹಿಡಿದು, ಆಮೇಲೆ ಚಿಕಿತ್ಸೆ ಕಂಡುಹಿಡಿದು, ಆಮೇಲೆ ನನ್ನ ಕೈ ಎತ್ತಿಸುವಷ್ಟರಲ್ಲಿ ದಸರಾ ಮುಗಿದು ಆನೆಗಳು ಕಾಡಿಗೆ ಹೋಗಿರುತ್ತವೆ. ಕ್ಲಾಸು ಹೇಗೆ ನಡೆಯಬೇಕು ಎಂಬುದಕ್ಕೆ ಮಾದರಿಯಾಗಿ ೨೦೦೯ರ ನನ್ನ ಪಾಠದ ಟಿಪ್ಪಣಿ ಪುಸ್ತಕವನ್ನೂ ಫೈಲಿನಲ್ಲಿ ಇಟ್ಟು ಬಂದಿದ್ದೇನೆ. ಒಂದು ಚಿತ್ತಿಲ್ಲ, ಅಕ್ಷರ ಮುತ್ತು. ನೋಡಿ ಕಲಿಯಲಿ.

ಸುತ್ತಲೂ ಬರೀ ಮೋಸ. ಲಷ್ಕರ್ ಮೊಹಲ್ಲಾದಲ್ಲಿ ಶಾಮಣ್ಣನ ಅಂಗಡಿಯ ಕಾಫಿಪುಡಿ ನಲವತ್ತು ವರ್ಷದಿಂದ ತರುತ್ತಿದ್ದೇನೆ. ಈಗ ಅದರಲ್ಲಿ ವಾಸನೆಯೇ ಇಲ್ಲ, ಮಣ್ಣು ಕದಡಿಕೊಂಡು ಕುಡಿದ ಹಾಗೆ. ಹೋಗಿ ಕೇಳಿದರೆ ಬೀಜ ಹುರಿಯುವ ಜಾಗಕ್ಕೇ ನನ್ನನ್ನು ಎಳೆದುಕೊಂಡು ಹೋಗಿ, ‘ಈಗ್ ಹೇಳಿ, ಘಮ್ ಅಂತೈತೋ ಇಲ್ವೋ? ಪುಡಿ ಸರ್ಯಾಗೈತೆ, ನಿಮ್ ಮೂಗಿಗೇ ರಿಪೇರಿ ಬೇಕು ಕಣ್ರೀ ಮೇಷ್ಟ್ರೇ’ ಎಂದ. ಅಂಗಡಿ ಬದಲಾಯಿಸಿದೆ. ಅಲ್ಲೂ ಅದೇ ಮಣ್ಣು. ಚಪ್ಪಲಿಯೂ ಹಾಗೇ: ಬಲಗಾಲಿನದು ಮುಂದೆ ಹೆಬ್ಬೆರಳಿನ ಕೆಳಗೆ ಸವೆದು ತೂತಾಗಿದೆ, ಎಡಗಾಲಿನದು ಹೊಸದರಂತಿದೆ. ಇಂಥ ಫುಟ್‌ಪಾತ್ ಮಾಡಿದರೆ ಇನ್ನೇನಾಗುತ್ತದೆ?

ಯುವರ್ಸ್ ಒಬೀಡಿಯೆಂಟ್‌ಲಿ ಎಂದು ಬರೆಯಲು ಇಂದು ಅರ್ಹತೆಯಿಲ್ಲ.
ಅನಂತಪದ್ಮನಾಭ

*

ಯಾದವಗಿರಿ
೨೧ ಜುಲೈ ೨೦೨೫

ಅನಂತಪದ್ಮನಾಭ ಸರ್,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ.

ನೀವು ಬರೆಸಿದ್ದನ್ನು ಆರರಲ್ಲಿ ಐದು ಜನ ಹಾಗೇ ಕಾಪಿ ಮಾಡಿ, ‘ನಾವೇ ಕಂಡುಹಿಡಿದೆವು’ ಎಂದು ನನ್ನ ಟೇಬಲ್ಲಿನ ಮೇಲೆ ಇಟ್ಟಿದ್ದಾರೆ. ಐದರಲ್ಲೂ ಕೊನೆಗೆ ‘ಹೆನ್ಸ್ ಪ್ರೂವ್ಡ್’, ಎರಡು ಗೆರೆ. ಫಿಸಿಯೋಥೆರಪಿಯಲ್ಲಿ ಯಾರೂ ಹಾಗೆ ಬರೆಯುವುದಿಲ್ಲ ಸರ್.

ಎರಡು ತಿಂಗಳಿನ ಕೇಸು ಎರಡೇ ವಾರಕ್ಕೆ ಮುಗಿದುಹೋಯಿತು. ಇನ್ನು ಚಿಕಿತ್ಸೆಯ ಭಾಗ ಮಾತ್ರ ನಡೆಯುತ್ತದೆ. ನಿಮ್ಮ ಪೆಟ್ಟಿಗೆಗಾದರೂ ಇದರಿಂದ ಅನುಕೂಲವಾಗಲಿ.

ಕಾಪಿ ಮಾಡದೆ ಉಳಿದವಳು ಗಗನ. ಅವಳ ಹಾಳೆಯಲ್ಲಿ ‘ನನಗೆ ಇನ್ನೂ ಗೊತ್ತಾಗಿಲ್ಲ’ ಎಂಬ ಒಂದೇ ಸಾಲು ಇದೆ.

ಮೈತ್ರೇಯಿ

*

ಕೃಷ್ಣಮೂರ್ತಿಪುರಂ
೧ ಆಗಸ್ಟ್ ೨೦೨೫

ಮೈತ್ರೇಯಿ ಮೇಡಂ ಅವರಿಗೆ,

ತಾವು ಬೈದದ್ದು ಸರಿಯೇ. ಆದರೆ ಆ ಗಗನಳ ಬಗ್ಗೆ ಒಂದು ಮಾತು. ಉತ್ತರ ಬಾಯಿಗೆ ಇಟ್ಟರೂ ‘ಗೊತ್ತಾಗಿಲ್ಲ’ ಎನ್ನುವ ವಿದ್ಯಾರ್ಥಿಯನ್ನು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ನಾಲ್ಕು ವಾರದಿಂದ ಆ ಹುಡುಗಿ ತುಟಿ ಬಿಚ್ಚಿಲ್ಲ. ನಾನು ಬಾಗಿಲಿನಿಂದ ಕುರ್ಚಿಗೆ ಬರುವಾಗ ನೋಡುತ್ತಾಳೆ, ಕುರ್ಚಿಯಿಂದ ಬಾಗಿಲಿಗೆ ಹೋಗುವಾಗ ನೋಡುತ್ತಾಳೆ. ಮನುಷ್ಯ ನಡೆಯುವುದನ್ನು ಯಾವತ್ತೂ ಕಂಡಿಲ್ಲವೇನೋ. ಭುಜದ ಕೇಸಿಗೆ ಕಾಲು ಯಾಕೆ ನೋಡಬೇಕು? ಇಂದು ಯಶಸ್ ನನ್ನ ಕೈ ಹಿಡಿದು ಮೇಲೆತ್ತುತ್ತಿದ್ದಾಗ, ‘ನಾನು ಒಂದ್ಸಲ ಎತ್ಲಾ ಮೇಷ್ಟ್ರೇ’ ಎಂದಳು. ಅಷ್ಟೇ ಅವಳ ಭಾಷಣ. ನಿಧಾನವಾಗಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು, ಹೋಗಿ ಮೂಲೆಯಲ್ಲಿ ಕುಳಿತಳು.

ವ್ಯಾಯಾಮ ತಪ್ಪಿಸಿಲ್ಲ. ಗೋಡೆಯ ಮೇಲೆ ಬೆರಳಿನಿಂದ ಏಣಿ ಹತ್ತಿದ ಹಾಗೆ ಹತ್ತುವುದು, ಕೋಲು ಹಿಡಿದು ಎತ್ತುವುದು, ಬಿಸಿನೀರಿನ ಚೀಲ. ಗೋಡೆಯ ಮೇಲೆ ದಿನವೂ ಪೆನ್ಸಿಲ್ ಗುರುತು ಹಾಕುತ್ತಿದ್ದೇನೆ. ನಾಲ್ಕು ವಾರಕ್ಕೆ ಗುರುತು ಒಂದು ಅಂಗುಲ ಕೆಳಗೆ ಬಂದಿದೆ. ಮೇಲೆ ಹೋಗಬೇಕಾದದ್ದು.

ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ‘ಸರ್, ಸಹಿ ಮ್ಯಾಚ್ ಆಗ್ತಿಲ್ಲ’ ಎಂದಳು. ನನ್ನ ಸಹಿ ನನ್ನದಲ್ಲವಂತೆ. ಐದು ಸಲ ಹಾಕಿಸಿದಳು, ಐದನೆಯದು ಇರುವೆ ಸಾಲಿನ ಹಾಗಾಯಿತು. ಲಹರಿಯಂತೂ ‘ಸರ್, ಪೇಪರ್ ಉಳಿಸ್ತಿದೀರಾ? ಲೆನ್ಸ್ ಇಟ್ಕೊಂಡು ಓದ್ಬೇಕು ನಿಮ್ ಲೆಟರ್‌ನ’ ಎಂದು ನಗುತ್ತಾಳೆ. ಪಕ್ಕದ ಮನೆಯ ಸುಂದರಮ್ಮನಿಗೆ ಕಿವಿ ಮಂದವಾಗುತ್ತಿದೆ, ಆದರೆ ತಪ್ಪು ನನ್ನ ಮೇಲೆ. ‘ಏನ್ ಮೇಷ್ಟ್ರೇ, ಬಾಯೊಳಗೇ ಮಾತಾಡ್ಕೋತೀರಲ್ಲ? ಮುಖ ಬೇರೆ ಯಾವಾಗ್ಲೂ ಗಂಟು. ನಾನೇನ್ ಮಾಡ್ದೆ ನಿಮ್ಗೆ?’ ಎಂದು ಕಾಂಪೌಂಡಿನ ಮೇಲಿಂದ ಜಗಳಕ್ಕೆ ಬಂದರು. ನಾನು ಸಿಟ್ಟಾಗಿರಲಿಲ್ಲ. ಹಬ್ಬಕ್ಕೆ ಅವರ ಮೊಮ್ಮಗಳು ಬರುತ್ತಾಳೆ ಎಂದು ಕೇಳಿ ಸಂತೋಷಪಡುತ್ತಿದ್ದೆ, ನನ್ನ ಪ್ರಕಾರ.

ಪಂಕಜಾ ಇದ್ದಿದ್ದರೆ ಹೇಳುತ್ತಿದ್ದಳು, ಸಂತೋಷವೋ ಸಿಟ್ಟೋ ಎಂದು. ನನ್ನ ಮುಖ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ.

ಇತಿ,
ಅನಂತಪದ್ಮನಾಭ

*

ಕೃಷ್ಣಮೂರ್ತಿಪುರಂ
೨೯ ಆಗಸ್ಟ್ ೨೦೨೫

ಮೇಡಂ,

ಗೌರಿ ಗಣೇಶ ಹಬ್ಬ ಆಯಿತು. ಇನ್ನು ಇಪ್ಪತ್ನಾಲ್ಕು ದಿನ. ಕೈ ಎಲ್ಲಿತ್ತೋ ಅಲ್ಲಿಂದ ಎರಡು ಅಂಗುಲ ಕೆಳಗಿದೆ. ಇಂದು ಕ್ಲಾಸಿನಲ್ಲಿ ನಾನು ಎದ್ದು ಬಂದದ್ದು ತಮಗೆ ಅವಮಾನ ಮಾಡಬೇಕೆಂದಲ್ಲ. ಯಶಸ್ ಹೇಳಿದ ಮಾತು ತಡೆಯಲಾಗಲಿಲ್ಲ. ‘ಸರ್, ಅಷ್ಟೊಂದ್ ಯಾಕ್ ಟೆನ್ಷನ್? ಭಾನುವಾರ ನಾನೂ ನನ್ ಫ್ರೆಂಡೂ ಬಂದ್ಬುಟ್ಟು ಎರಡ್ ನಿಮಿಷದಲ್ಲಿ ಇಳಿಸ್ಕೊಟ್ಬುಡ್ತೀವಿ’ ಎಂದ. ಒಳ್ಳೆಯ ಹುಡುಗ. ಅವನಿಗೆ ಏನು ಗೊತ್ತು?

ಕಾರಣ ಕೇಳಬೇಡಿ ಎಂದು ಮೊದಲ ಪತ್ರದಲ್ಲಿ ಬರೆದಿದ್ದೆ. ಎರಡು ತಿಂಗಳಾದರೂ ಯಾರೂ ಕೇಳಲಿಲ್ಲ. ಶುಗರ್ ಕೇಳಿದರು, ಬಿಪಿ ಕೇಳಿದರು. ಈಗ ನಾನೇ ಹೇಳುತ್ತೇನೆ, ಫೈಲಿಗೆ ಸೇರಿದರೆ ಸೇರಲಿ.

ನಮಗೆ ಮಕ್ಕಳಿಲ್ಲ. ನವರಾತ್ರಿಗೆ ಬೊಂಬೆ ಕೂರಿಸಿದರೆ ಬೀದಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲಿ. ಪಂಕಜಾಳಿಗೆ ವರ್ಷಕ್ಕೆ ಹತ್ತು ದಿನ ಅದೇ ಸಂಭ್ರಮ. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳು, ಮರದ ರಾಜ ರಾಣಿ, ಮೇಲಿನ ಮೆಟ್ಟಿಲಿಗೆ. ಉಳಿದವು ಅವಳೇ ಒಂದೊಂದಾಗಿ ಕೂಡಿಸಿದ್ದು. ನಾನು ಏಣಿ ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಬಿಡಬೇಕು, ಅವಳು ಕೆಳಗೆ ನಿಂತು ಹಿಡಿದುಕೊಳ್ಳಬೇಕು. ಮೂವತ್ತೇಳು ವರ್ಷ ಇಳಿಸಿದೆ. ಮೂವತ್ತೇಳು ವರ್ಷವೂ ಗೊಣಗಿಕೊಂಡೇ ಇಳಿಸಿದೆ. ‘ಆಟದ ಸಾಮಾನಿಗೆ ಇಷ್ಟು ರಾದ್ಧಾಂತ’ ಎನ್ನುತ್ತಿದ್ದೆ. ಮೂವತ್ತೆಂಟನೆಯ ವರ್ಷ ಅವಳಿಗೆ ಆಗಲೇ ಮೈಗೆ ಹುಷಾರಿರಲಿಲ್ಲ. ‘ಈ ಸಲ ಸಣ್ಣದಾಗಿ ಕೂರಿಸೋಣ, ಪೆಟ್ಟಿಗೆ ಇಳಿಸಿಕೊಡಿ’ ಎಂದಳು. ‘ಮುಂದಿನ ವರ್ಷ ನೋಡೋಣ ಬಿಡು’ ಎಂದು ಪೇಪರು ಓದುತ್ತ ಕುಳಿತೆ. ಅವಳು ಎರಡನೆಯ ಸಲ ಕೇಳಲಿಲ್ಲ. ಆರು ತಿಂಗಳಿಗೆ ಯುಗಾದಿ ಆಸುಪಾಸಿನಲ್ಲಿ ಹೋಗಿಬಿಟ್ಟಳು. ಕಳೆದ ವರ್ಷ ಸೂತಕದ ವರ್ಷ, ಹಬ್ಬವಿಲ್ಲ. ಆ ‘ಮುಂದಿನ ವರ್ಷ’ ಎಂದದ್ದು ಇದೇ ಬರುವ ನವರಾತ್ರಿ.

ಆದ್ದರಿಂದ ಬೇರೆಯವರು ಇಳಿಸಬಾರದು. ಅವಳು ಕೇಳಿದ್ದು ನನ್ನನ್ನು.

ಇನ್ನು ಮೇಲೆ ನಾನು ಕ್ಲಾಸಿಗೆ ಬರುವುದಿಲ್ಲ. ಪ್ರಾಬ್ಲಮ್ ನಂಬರ್ ನಾಲ್ಕನ್ನು ಅಳಿಸಿಹಾಕಲು ಲಹರಿಗೆ ಹೇಳಿ.

ಅನಂತಪದ್ಮನಾಭ

*

ಹಾಸ್ಟೆಲ್, ಮೈಸೂರು
೨ ಸೆಪ್ಟೆಂಬರ್ ೨೦೨೫

ಮೇಷ್ಟ್ರಿಗೆ ಗಗನ ಮಾಡುವ ನಮಸ್ಕಾರಗಳು.

ಮೈತ್ರೇಯಿ ಮೇಡಂ ಓದಿ ಒಪ್ಪಿದ ಮೇಲೆ ಈ ಪತ್ರ ಕಳಿಸುತ್ತಿದ್ದೇನೆ. ಎಲ್ಲರ ಮುಂದೆ ಮಾತಾಡಲು ನನಗೆ ಬರುವುದಿಲ್ಲ. ನಂಜನಗೂಡಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಓದಿದವಳು. ಇಲ್ಲಿ ಯಶಸ್, ಲಹರಿ ಇಂಗ್ಲಿಷಿನಲ್ಲಿ ವಾದ ಮಾಡುವಾಗ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೆ ನಾನು ಫೈಲು ಓದುತ್ತಿದ್ದೆ. ನೀವು ನನ್ನ ಬಗ್ಗೆ ಬರೆದದ್ದನ್ನೂ ಓದಿದ್ದೇನೆ. ಬೇಜಾರಿಲ್ಲ.

ನೀವು ಬರೆಸಿದ ಉತ್ತರವನ್ನು ನಾನೂ ಮೊದಲು ನಂಬಿದ್ದೆ. ಆದರೆ ಹಿಡಿದುಕೊಂಡ ಭುಜ ಯಾರು ಎತ್ತಿದರೂ ಒಂದೇ ಜಾಗದಲ್ಲಿ ನಿಲ್ಲಬೇಕು. ಆವತ್ತು ನಾನು ನಿಧಾನವಾಗಿ ಎತ್ತಿದಾಗ ನಿಮ್ಮ ಕೈ ನೀವು ಎತ್ತುವುದಕ್ಕಿಂತ ತುಂಬ ಮೇಲಕ್ಕೆ ಹೋಯಿತು, ಹಲ್ಲಿನ ಚಕ್ರ ತಿರುಗಿದ ಹಾಗೆ ತಡೆದು ತಡೆದು. ನೀವು ನಡೆಯುವಾಗ ಎಡಗೈ ಬೀಸುತ್ತದೆ, ಬಲಗೈ ಬೀಸುವುದಿಲ್ಲ. ಬಲಗಾಲಿನ ಹೆಜ್ಜೆ ಸ್ವಲ್ಪ ಎಳೆಯುತ್ತದೆ. ಚಪ್ಪಲಿ ಸವೆದದ್ದು ಫುಟ್‌ಪಾತಿನಿಂದ ಆಗಿದ್ದರೆ ಎರಡೂ ಸವೆಯಬೇಕಿತ್ತು.

ಆಮೇಲೆ ನಿಮ್ಮ ೨೦೦೯ರ ಟಿಪ್ಪಣಿ ಪುಸ್ತಕವನ್ನೂ ಈ ಪತ್ರಗಳನ್ನೂ ಪಕ್ಕ ಪಕ್ಕ ಇಟ್ಟು ಸ್ಕೇಲಿನಲ್ಲಿ ಅಳೆದೆ. ಅದೇ ಕೈ, ಅದೇ ಮುದ್ದಾದ ಅಕ್ಷರ, ಆದರೆ ಅರ್ಧ ಅಳತೆ. ಪ್ರತಿ ಪತ್ರದಲ್ಲೂ ಮೇಲಿನ ಸಾಲು ದೊಡ್ಡದು, ಕೆಳಗೆ ಬರುತ್ತಾ ಬರುತ್ತಾ ಚಿಕ್ಕದು. ಪೆನ್ನು ಪ್ರತಿ ಸಲವೂ ಕೆಡುವುದಿಲ್ಲ ಮೇಷ್ಟ್ರೇ. ಕಾಫಿಪುಡಿ ಎರಡು ಅಂಗಡಿಯಲ್ಲೂ ಕೆಡುವುದಿಲ್ಲ. ಬಹುಶಃ ಸುಂದರಮ್ಮನವರ ಕಿವಿಯೂ ಚೆನ್ನಾಗಿದೆ. ನಾವು ಭುಜ ಒಂದನ್ನೇ ನೋಡುತ್ತಿದ್ದೆವು. ನಿಮ್ಮ ಪತ್ರದ ದೂರುಗಳನ್ನೆಲ್ಲ ಒಂದು ಹಾಳೆಯಲ್ಲಿ ಸಾಲಾಗಿ ಬರೆದಾಗ, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸಿದವು. ನರಗಳ ಕಡೆಗೆ.

ಇದಕ್ಕೆ ಹೆಸರಿಡುವುದು ನಮ್ಮ ಕೆಲಸವಲ್ಲ. ಮೇಡಂ ನರರೋಗದ ಡಾಕ್ಟರ ಹತ್ತಿರ ನಿಮಗೆ ಸಮಯ ತೆಗೆದುಕೊಂಡಿದ್ದಾರೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ದಯವಿಟ್ಟು ಹೋಗಿ. ನಾನು ತಪ್ಪಾಗಿದ್ದರೆ ನಿಮ್ಮ ಹಾಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ವಾಪಸು ಕಳಿಸಿ. ತಪ್ಪಾಗಿರಲಿ ಎಂದೇ ನನ್ನ ಆಸೆ.

ಪೆಟ್ಟಿಗೆ ಬಗ್ಗೆ ನಾವು ಯಾರೂ ಕೇಳಲಿಲ್ಲ. ಅದು ನಮ್ಮ ತಪ್ಪು.

ಗಗನ
ಮೂರನೇ ವರ್ಷ

*

ಕೃಷ್ಣಮೂರ್ತಿಪುರಂ
೧೨ ಸೆಪ್ಟೆಂಬರ್ ೨೦೨೫

ಮೈತ್ರೇಯಿ ಮೇಡಂ ಅವರಿಗೆ,

ಹೋಗಿದ್ದೆ. ಡಾಕ್ಟರು ನನ್ನ ಭುಜ ಮುಟ್ಟಲೇ ಇಲ್ಲ. ಬಾಗಿಲಿನಿಂದ ಕುರ್ಚಿಯ ತನಕ ನಡೆಸಿದರು, ಬೆರಳು ಆಡಿಸಿ ಎಂದರು, ಒಂದು ಹಾಳೆ ಕೊಟ್ಟು ನನ್ನ ಹೆಸರು ಹತ್ತು ಸಲ ಬರೆಸಿದರು. ಹತ್ತನೆಯದು ಬ್ಯಾಂಕಿನ ಇರುವೆ ಸಾಲು. ಪಾರ್ಕಿನ್ಸನ್ ಎಂದರು; ವಾಸನೆ ಹತ್ತದ ಮೂಗು, ಕುಗ್ಗುವ ಅಕ್ಷರ, ತಗ್ಗಿದ ದನಿ, ಗಂಟು ಮುಖ ಎಲ್ಲ ಅದರದ್ದೇ ಅಂತೆ. ಶುರುವಿನಲ್ಲಿ ಭುಜ ಹಿಡಿದ ಹಾಗೆ ಕಾಣಿಸಿಕೊಂಡು ಎಷ್ಟೋ ಜನರನ್ನು ಹೀಗೆ ಏಮಾರಿಸುತ್ತದಂತೆ. ವಾಸಿಯಾಗುವುದಿಲ್ಲ, ಮಾತ್ರೆ ಮತ್ತು ವ್ಯಾಯಾಮದಿಂದ ಹಿಡಿತದಲ್ಲಿ ಇಡಬಹುದು. ಮಾತ್ರೆ ಶುರುಮಾಡಿ ಐದು ದಿನ. ಬಿಗಿತ ಒಂದು ಕೂದಲೆಳೆಯಷ್ಟು ಕಡಿಮೆಯಾಗಿದೆ ಎಂದು ಒಂದು ಹೊತ್ತು ಅನ್ನಿಸುತ್ತದೆ, ಇನ್ನೊಂದು ಹೊತ್ತು ಇಲ್ಲ. ಏಣಿ ಹತ್ತುವುದಂತೂ ಇನ್ನು ಕನಸಿನಲ್ಲೂ ಬೇಡ ಎಂದು ಬರೆದೇ ಕೊಟ್ಟಿದ್ದಾರೆ.

ತಮಗೆ ಒಂದೇ ಪ್ರಶ್ನೆ. ಎಸ್ ಆರ್ ನೋ, ಅಷ್ಟರಲ್ಲಿ ಉತ್ತರಿಸಿ. ತಮಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಮಕ್ಕಳು ತಾವೇ ಕಂಡುಹಿಡಿಯಲಿ ಎಂದು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಿರಾ? ಹಾಗಿದ್ದರೆ ತಮ್ಮ ವಿಧಾನಕ್ಕೆ ದೊಡ್ಡ ನಮಸ್ಕಾರ. ‘ನಿಮಗೇನು ಗೊತ್ತು, ಏನು ಗೊತ್ತಿಲ್ಲ, ಬರೀರಿ’ ಎಂದು ನಾನು ಈಗ ತಮ್ಮನ್ನು ಕೇಳುತ್ತಿದ್ದೇನೆ.

ಅನಂತಪದ್ಮನಾಭ

*

ಯಾದವಗಿರಿ
೧೪ ಸೆಪ್ಟೆಂಬರ್ ೨೦೨೫

ಸರ್,

ನೋ. ಗೊತ್ತಿರಲಿಲ್ಲ.

ನನ್ನ ಬಳಿ ಚೀಟಿ ಇತ್ತು. ಚೀಟಿಯಲ್ಲಿ ಉತ್ತರ ಇತ್ತು. ಉತ್ತರ ಗೊತ್ತಿದೆ ಎಂದುಕೊಂಡವಳು ರೋಗಿಯನ್ನು ನೋಡುವುದನ್ನು ನಿಲ್ಲಿಸಿದೆ, ಮಕ್ಕಳನ್ನು ಮಾತ್ರ ನೋಡುತ್ತಾ ಕುಳಿತೆ. ಎರಡು ತಿಂಗಳು ಪ್ರತಿ ಶುಕ್ರವಾರ ನೀವು ನನ್ನ ಮುಂದೆಯೇ ಬಾಗಿಲಿನಿಂದ ಕುರ್ಚಿಗೆ ನಡೆದುಕೊಂಡು ಬಂದಿರಿ. ಅಕ್ಷರ ದೊಡ್ಡದಾಗಿ ಬರೆಯಿರಿ ಎಂದು ನಾನೇ ಕೈಯಾರೆ ಬರೆದೆ, ನನ್ನ ಕನ್ನಡಕವನ್ನು ದೂರಿದೆ. ಹದಿನಾಲ್ಕು ವರ್ಷದ ಅನುಭವ ನನ್ನದು. ‘ಗೊತ್ತಾಗಿಲ್ಲ’ ಎಂದು ಬರೆಯುವ ಧೈರ್ಯ ಆರು ಮಕ್ಕಳು ಮತ್ತು ಒಬ್ಬ ಮೇಡಂ ಇದ್ದ ರೂಮಿನಲ್ಲಿ ಒಬ್ಬಳಿಗೆ ಮಾತ್ರ ಇತ್ತು.

ನಿಮ್ಮ ಮೇಲೆ ಜುಲೈನಲ್ಲಿ ಸಿಟ್ಟು ಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ. ನೀವು ಹೇಳಿಬಿಟ್ಟ ಉತ್ತರವನ್ನೇ ನಾನು ಹೇಳದೆ ಇಟ್ಟುಕೊಂಡಿದ್ದೆ. ತಪ್ಪು ಇಬ್ಬರದೂ ಒಂದೇ. ನರರೋಗದ ಡಾಕ್ಟರ ಚೀಟಿ ಬಂದ ದಿನವೇ ಇದನ್ನು ಮಕ್ಕಳ ಮುಂದೆಯೂ ಹೇಳಿದೆ.

ಇನ್ನೊಂದು ವಿಷಯ. ಲಹರಿ ಬೋರ್ಡು ಅಳಿಸಿಲ್ಲ. ‘ಪ್ರಾಬ್ಲಮ್ ನಂಬರ್ ನಾಲ್ಕು’ ಎಂಬುದರ ಕೆಳಗೆ ಈಗ ಇಷ್ಟೇ ಇದೆ: ‘ಏಣಿ ಹತ್ತದೆ, ಮೇಷ್ಟ್ರು ತಮ್ಮ ಎರಡು ಕೈಯಿಂದ ಬೊಂಬೆ ಪೆಟ್ಟಿಗೆ ಇಳಿಸುವುದು ಹೇಗೆ?’ ನಿನ್ನೆ ರಜೆಯಾದರೂ ಆರು ಜನವೂ ಬಂದು ಜಗಳವಾಡುತ್ತಿದ್ದರು. ಗಗನಳ ಧ್ವನಿ ಕಾರಿಡಾರಿನ ತನಕ ಕೇಳಿಸಿತು. ನಾನು ಬಾಯಿ ಹಾಕಲಿಲ್ಲ; ಈ ಸಲ ನನಗೆ ನಿಜವಾಗಿಯೂ ಉತ್ತರ ಗೊತ್ತಿರಲಿಲ್ಲ. ಭಾನುವಾರ ಇಪ್ಪತ್ತೊಂದಕ್ಕೆ ಮೂವರು ನಿಮ್ಮ ಮನೆಗೆ ಬರುತ್ತಾರೆ. ಅಲ್ಲಿಯವರೆಗೆ ಗಗನ ಕಳಿಸಿರುವ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದಿನಕ್ಕೆ ಒಂದು ಪುಟ ಬರೆಯಬೇಕಂತೆ. ಅಕ್ಷರ ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಮುಟ್ಟಲೇಬೇಕು. ಮೇಷ್ಟ್ರಿಗೆ ಹೋಂವರ್ಕ್ ಕೊಡುವ ಖುಷಿ ಅವಳಿಗೆ ಬಿಡಿ.

ಮೈತ್ರೇಯಿ

*

ಕೃಷ್ಣಮೂರ್ತಿಪುರಂ
೨೩ ಸೆಪ್ಟೆಂಬರ್ ೨೦೨೫

ಚಿ. ಗಗನಳಿಗೆ ಆಶೀರ್ವಾದ.

ನಿನ್ನ ನಾಲ್ಕು ಗೆರೆಯ ಹಾಳೆಯಲ್ಲೇ ಬರೆಯುತ್ತಿದ್ದೇನೆ. ಸಾಲಿಗೆ ಮೂರೇ ಮಾತು ಹಿಡಿಯುತ್ತವೆ. ಅದಕ್ಕೇ ಪತ್ರ ಚಿಕ್ಕದು.

ನಿನ್ನೆ ಬೊಂಬೆ ಕೂರಿಸಿದೆ. ಐದೇ ಮೆಟ್ಟಿಲು, ನನ್ನ ಕೈಗೆ ಎಟಕುವಷ್ಟು. ರಾಜ ರಾಣಿಯನ್ನು ನಾನೇ ಇಟ್ಟೆ. ಸುಂದರಮ್ಮನ ಮೊಮ್ಮಗಳು ಬಂದಿದ್ದಳು. ನನ್ನ ಮಾತು ಅವರಿಗೆಲ್ಲ ಕೇಳಿಸಿತು.

ಭಾನುವಾರ ಯಶಸ್‌ನನ್ನು ಏಣಿಯ ಮೇಲೆ ನಿಲ್ಲಿಸಿ, ‘ಮೇಷ್ಟ್ರೇ, ನೀವು ಕೆಳಗೆ ಹಿಡ್ಕೊಳಿ, ಎದೆ ಮಟ್ಟಕ್ಕೆ’ ಎಂದೆಯಲ್ಲ, ಆಗ ಸಿಡುಕಿದೆ. ಅದು ಪಂಕಜಾ ನಿಲ್ಲುತ್ತಿದ್ದ ಜಾಗ. ಪೆಟ್ಟಿಗೆಯ ಭಾರವೆಲ್ಲ ಕೆಳಗಿದ್ದವರಿಗೇ ಎಂದು ಮೇಲಿದ್ದವನಿಗೆ ಮೂವತ್ತೇಳು ವರ್ಷ ಗೊತ್ತಾಗಿರಲಿಲ್ಲ.

ಮುಚ್ಚಳ ತೆಗೆದಾಗ ನನಗೆ ಏನೂ ಗೊತ್ತಾಗಲಿಲ್ಲ. ನಾನು ಪೆಟ್ಟಿಗೆಗೆ ಮೂಗು ಹಚ್ಚಿದ್ದು ನೋಡಿ ನೀನು ಹೇಳಿದೆ: ‘ಲಾವಂಚದ ವಾಸನೆ ಮೇಷ್ಟ್ರೇ, ಜೊತೆಗೆ ಒಂಚೂರು ಕರ್ಪೂರ. ಅಮ್ಮನೋರು ಇಟ್ಟಿದ್ದು ಇನ್ನೂ ಇದೆ.’

ಅದೊಂದನ್ನು ನಾನೇ ಕಂಡುಹಿಡಿಯಲಿ ಎಂದು ಕಾಯದೆ ಹೇಳಿಬಿಟ್ಟೆಯಲ್ಲ ಮಗು, ಒಳ್ಳೆಯದು ಮಾಡಿದೆ.

ಪುಟ ಮುಗಿಯಿತು.

ಅನಂತಪದ್ಮನಾಭ